ಮಿತವ್ಯಯದ ದೇಶಾಟನ



ದೇಶಾಟನದಿಂದ ಮನುಷ್ಯನಿಗೆ ಚಾತುರ್ಯ ಹುಟ್ಟುತ್ತದೆಂದು ನಮ್ಮ ಹಿರಿಯರು ಹೇಳಿದರು. ಆದರೆ ಆ ದೇಶಾಟನಕ್ಕೆ ಬೇಕಾದ ಹಣ ಎಲ್ಲಿಂದ ಹುಟ್ಟುತ್ತದೆಂಬುದನ್ನು ಮಾತ್ರ ಅವರು ಹೇಳಿದಂತೆ ತೋರುವುದಿಲ್ಲ. ಬಹುಶಃ ಅವರ ಕಾಲದಲ್ಲಿ ಅದು ಪ್ರಶ್ನೆಯೇ ಆಗಿರಲಿಲ್ಲ. ಬುತ್ತಿಯ ಗಂಟೊಂದು, ಹೊದೆಯಲು ಕಂಬಳಿಯೊಂದು, ದಾರಿಯಲ್ಲಿ ಮಠವೋ ಛತ್ರವೋ ಒಂದು, ಇಷ್ಟಿದ್ದರೆ ಅವರು ಕಾಶಿಯವರೆಗೂ ನಡೆಯುತ್ತಿದ್ದರು. ನಾವು ನಡೆಯುವವರಲ್ಲ, ಲೆಕ್ಕ ಹಾಕುವವರು. ವರ್ಷಕ್ಕೊಮ್ಮೆ ರಜೆ ಬಂದಿತೆಂದರೆ ನಮ್ಮಂಥ ಸಂಬಳಗಾರರ ಮನೆಗಳಲ್ಲಿ ಕಾಶ್ಮೀರದ ಮಾತೇಳುತ್ತದೆ, ಸಿಂಗಪುರದ ಮಾತೇಳುತ್ತದೆ. ಕಾಗದದ ಮೇಲೆ ಅಂಕಿಗಳು ಏರುತ್ತವೆ. ಕಡೆಗೆ ಒಂದೋ ಸಾಲ ಮಾಡಿ ಹೋಗುತ್ತೇವೆ, ಇಲ್ಲವೇ ಎಲ್ಲಿಗೂ ಹೋಗದೆ ಮನೆಯಲ್ಲಿಯೇ ಕುಳಿತು ರಜೆಯನ್ನು ನಿದ್ದೆಯಲ್ಲಿ ಕಳೆಯುತ್ತೇವೆ. ಈ ಎರಡರ ನಡುವೆ ಮೂರನೆಯ ದಾರಿಯೊಂದು ಇದೆಯೆಂಬುದನ್ನು ನಾವು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ಪ್ರವಾಸದ ಉಪದೇಶವನ್ನು ಗಾಳಿಯಲ್ಲಿ ಮಾಡುವುದಕ್ಕಿಂತ ಒಂದು ನಾಡನ್ನು ಹಿಡಿದು ಮಾಡುವುದು ಮೇಲು. ಆದಕಾರಣ ನಾವು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಊರುಗಳನ್ನು ಆರಿಸಿಕೊಂಡಿದ್ದೇವೆ. ನಮ್ಮ ಮೈಸೂರು ಬೆಂಗಳೂರುಗಳ ವಿದ್ಯಾವಂತರಲ್ಲಿ ಹಂಪೆಯನ್ನು ನೋಡಿದವರು ಬಹಳ. ಬಾದಾಮಿ ಪಟ್ಟದಕಲ್ಲುಗಳನ್ನು ನೋಡಿದವರೂ ಉಂಟು. ಇವೆರಡರ ನಡುವೆ ಇರುವ ಗದಗನ್ನು ರೈಲಿನ ಕಿಟಕಿಯಿಂದ ಮಾತ್ರ ಕಂಡವರೇ ಹೆಚ್ಚು. ಪ್ರವಾಸಿಗಳ ದಟ್ಟಣೆಯಿಲ್ಲದ ಸೀಮೆಯಲ್ಲಿ ಬೆಲೆಗಳು ಅಲ್ಲಿಯ ಜನರ ಬೆಲೆಗಳೇ ಆಗಿರುತ್ತವೆ. ಮಿತವ್ಯಯದ ಮೊದಲನೆಯ ಗುಟ್ಟು ಇದೇ: ಎಲ್ಲರೂ ಹೋಗುವ ಊರಿಗೆ ಹೋಗದೆ, ಅದರ ಪಕ್ಕದ ಊರಿಗೆ ಹೋಗುವುದು.

ಪ್ರವಾಸದ ಹಣವು ಯಾವ ಯಾವ ತೂತುಗಳಿಂದ ಸೋರುತ್ತದೆ? ಪ್ರಯಾಣಕ್ಕೆ ಒಂದು ಪಾಲು, ವಸತಿಗೆ ಒಂದು ಪಾಲು, ಊಟಕ್ಕೆ ಒಂದು ಪಾಲು. ನಾಲ್ಕನೆಯದೊಂದಿದೆ, ಅದನ್ನು ಯಾರೂ ಲೆಕ್ಕದಲ್ಲಿ ಬರೆಯುವುದಿಲ್ಲ. ಅದು ತೋರಿಕೆ. ಹೋಗಿಬಂದುದನ್ನು ನಾಲ್ವರಿಗೆ ಹೇಳುವುದಕ್ಕಾಗಿ ಮಾಡುವ ವೆಚ್ಚ. ಮೊದಲ ಮೂರನ್ನು ಯುಕ್ತಿಯಿಂದ ಇಳಿಸಬಹುದು. ನಾಲ್ಕನೆಯದನ್ನು ಇಳಿಸುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ಪ್ರಯಾಣವನ್ನೇ ಮೊದಲು ತೆಗೆದುಕೊಳ್ಳೋಣ. ಮೈಸೂರಿನಿಂದ ಹೊರಡುವ ಹಂಪಿ ಎಕ್ಸ್‌ಪ್ರೆಸ್ಸು ಬೆಂಗಳೂರು, ಬಳ್ಳಾರಿ, ಹೊಸಪೇಟೆಗಳನ್ನು ಹಾದು ಗದಗಿನ ಮೇಲೆ ಹುಬ್ಬಳ್ಳಿಗೆ ಹೋಗುತ್ತದೆ. ರಾತ್ರಿಯೆಲ್ಲ ಮಲಗಿ ಬೆಳಿಗ್ಗೆ ಗದಗಿನಲ್ಲಿ ಇಳಿದರೆ ಒಂದು ರಾತ್ರಿಯ ವಸತಿಯ ಬಾಡಿಗೆ ಉಳಿದಂತಾಯಿತು, ಒಂದು ಹಗಲೂ ಉಳಿದಂತಾಯಿತು. ಎರಡನೆಯ ತರಗತಿಯ ಸ್ಲೀಪರ್ ಗಾಡಿ ಆರೋಗ್ಯವಂತನಿಗೆ ಸಾಲದೆಂಬುದನ್ನು ನಾವು ಒಪ್ಪುವುದಿಲ್ಲ. ಅರವತ್ತು ದಿನ ಮುಂಚೆಯೇ ಸ್ಥಳ ಕಾಯ್ದಿರಿಸಬಹುದು. ಆ ಅವಕಾಶವನ್ನು ಬಿಟ್ಟು ಹಿಂದಿನ ದಿನ ತತ್ಕಾಲ್‌ಗೆ ಹೆಚ್ಚಿನ ಹಣ ತೆರುವವನು ತನ್ನ ಆಲಸ್ಯಕ್ಕೆ ತಾನೇ ದಂಡ ಕಟ್ಟಿದಂತೆ. ಐದು ವರ್ಷ ತುಂಬದ ಮಗುವಿಗೆ ಟಿಕೆಟ್ಟು ಬೇಡ. ಹನ್ನೆರಡರೊಳಗಿನ ಮಕ್ಕಳಿಗೆ ಬೇರೆ ಹಾಸಿಗೆ ಬೇಡವೆಂದರೆ ಅರ್ಧ ದರ ಸಾಕು. ಮಗು ತಾಯಿಯ ಮಗ್ಗುಲಲ್ಲಿ ಮಲಗುವಷ್ಟು ಚಿಕ್ಕದೋ ಅಲ್ಲವೋ ಎಂಬುದನ್ನು ಮನೆಯಲ್ಲಿಯೇ ತೀರ್ಮಾನಿಸಿಕೊಳ್ಳಬೇಕು. ನಡುರಾತ್ರಿ ಗುಂತಕಲ್ಲಿನ ಹತ್ತಿರ ಅಲ್ಲ.

ರೈಲಿನ ಮಾತು ಬಂದಾಗ ಗದಗಿನ ಹುಡುಗನೊಬ್ಬನ ಪ್ರವಾಸವನ್ನು ಹೇಳದೆ ಮುಂದೆ ಹೋಗಲಾರೆವು. ೧೯೨೨ ರಲ್ಲಿ ಹುಟ್ಟಿದ ಭೀಮಸೇನ ಜೋಶಿ, ಅಬ್ದುಲ್ ಕರೀಂ ಖಾನರ ಹಾಡಿನ ತಟ್ಟೆಯೊಂದನ್ನು ಕೇಳಿ ಮರುಳಾಗಿ, ಹನ್ನೊಂದನೆಯ ವಯಸ್ಸಿನಲ್ಲಿ, ೧೯೩೩ ರಲ್ಲಿ, ಗುರುವನ್ನು ಅರಸಿಕೊಂಡು ಮನೆ ಬಿಟ್ಟನು. ಕೈಯಲ್ಲಿ ಹಣವಿಲ್ಲ. ಸಹಪ್ರಯಾಣಿಕರ ದಯೆ, ತನ್ನ ಕಂಠ, ಇವೆರಡೇ ಬಂಡವಾಳ. ಪುಣೆ, ಗ್ವಾಲಿಯರ್ ಎಂದು ಊರೂರು ಅಲೆದು ಕಡೆಗೆ ಜಲಂಧರವನ್ನು ಮುಟ್ಟಿದನು. ಅಲ್ಲಿ ವಿನಾಯಕರಾವ್ ಪಟವರ್ಧನರು ಅವನಿಗೆ ಕೊಟ್ಟ ಸಲಹೆಯೇನೆಂದರೆ, ನಿನ್ನ ಊರ ಹತ್ತಿರವೇ ಸವಾಯಿ ಗಂಧರ್ವರಿದ್ದಾರೆ, ಅವರಲ್ಲಿಗೆ ಹೋಗು ಎಂಬುದು. ಪಂಜಾಬದವರೆಗೆ ಹೋದ ಹುಡುಗನಿಗೆ ಗುರು ದೊರೆತದ್ದು ಹುಬ್ಬಳ್ಳಿಯ ಬಳಿಯ ಕುಂದಗೋಳದಲ್ಲಿ. ಟಿಕೆಟ್ಟಿಲ್ಲದೆ ಪ್ರಯಾಣ ಮಾಡುವುದಕ್ಕೆ ಈ ದೃಷ್ಟಾಂತವನ್ನು ಯಾರೂ ಆಧಾರವಾಗಿ ಹಿಡಿಯಬಾರದು; ಆ ಕಂಠವಿದ್ದವರಿಗೆ ನಾವು ಉಪದೇಶ ಮಾಡುವುದಿಲ್ಲ. ಆದರೆ ದೂರದಲ್ಲಿ ಹುಡುಕಿದ್ದು ಹತ್ತಿರದಲ್ಲಿಯೇ ಇರಬಹುದೆಂಬ ಸಂಗತಿ ರಜೆಯ ಲೆಕ್ಕ ಹಾಕುವಾಗ ನೆನಪಿರುವುದು ಒಳ್ಳೆಯದು.

ಸಾಮಾನಿನ ವಿಷಯ. ಆಂಗ್ಲ ಸಾಹಿತ್ಯವನ್ನು ಓದಿದವರಿಗೆ ಸ್ಟೀವನ್ಸನ್ನನು ಕತ್ತೆಯೊಡನೆ ಮಾಡಿದ ಪ್ರವಾಸ ಗೊತ್ತಿದೆ. ೧೮೭೮ ರಲ್ಲಿ ಆತ ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ಹನ್ನೆರಡು ದಿನ ಕಾಲುನಡಿಗೆಯಲ್ಲಿ ಹೋದನು. ಮಲಗುವುದಕ್ಕೆಂದು ದೊಡ್ಡದೊಂದು ಚೀಲ ಹೊಲಿಸಿದ. ಚೀಲವನ್ನು ಹೊರುವುದಕ್ಕೆಂದು ಅರವತ್ತೈದು ಫ್ರಾಂಕು ಮತ್ತು ಒಂದು ಲೋಟ ಬ್ರಾಂದಿ ಕೊಟ್ಟು ಕತ್ತೆಯನ್ನು ಕೊಂಡ. ಅನಂತರ ಆ ಕತ್ತೆಯನ್ನು ನಡೆಸುವುದೇ ಪ್ರವಾಸದ ಕೆಲಸವಾಯಿತು. ನಮ್ಮ ಕುಟುಂಬಗಳು ಹೊರಟಾಗಲೂ ಇದೇ ಆಗುತ್ತದೆ. ಮೂರು ಪೆಟ್ಟಿಗೆಗಳಿದ್ದರೆ ಬಸ್ಸು ಸಾಲದು, ಆಟೋ ಬೇಕು. ಆಟೋದಲ್ಲಿ ಹಿಡಿಸದು, ಕಾರು ಬೇಕು. ಕಾರಿದ್ದಮೇಲೆ ದೊಡ್ಡ ಹೋಟೆಲೇ ಬೇಕು. ವೆಚ್ಚ ಬೆಳೆಯುವುದು ಪೆಟ್ಟಿಗೆಯಿಂದ. ಹೆಗಲಿಗೆ ಒಂದು ಚೀಲ, ಅದರಲ್ಲಿ ಎರಡು ಜೊತೆ ಬಟ್ಟೆ, ಒಂದು ಹೊದಿಕೆ, ನೀರಿನ ಪಾತ್ರೆ. ಗದಗಿನ ಸೀಮೆಯಲ್ಲಿ ನವೆಂಬರಿನಿಂದ ಫೆಬ್ರವರಿಯವರೆಗೆ ಹವೆ ಹಿತವಾಗಿರುತ್ತದೆ. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ, ಉಳಿಸಿದ ಹಣವನ್ನು ವೈದ್ಯರಿಗೆ ಕೊಡುವುದರಲ್ಲಿ ಅರ್ಥವಿಲ್ಲ.

ಗದಗಿನಲ್ಲಿ ಬೀಡು ಬಿಡಬೇಕು. ಪ್ರತಿದಿನವೂ ಊರು ಬದಲಾಯಿಸಿ ಪ್ರತಿದಿನವೂ ಕೊಠಡಿ ಹುಡುಕುವವನಿಗೆ ಹಣವೂ ಹೋಗುತ್ತದೆ, ಹೊತ್ತೂ ಹೋಗುತ್ತದೆ. ಬಸ್‌ ನಿಲ್ದಾಣದ ಸುತ್ತಿನಲ್ಲಿ ಸಾಮಾನ್ಯವಾದ ವಸತಿಗೃಹವೊಂದನ್ನು ಮೂರು ದಿನಕ್ಕೆ ಹಿಡಿದರೆ ದರದಲ್ಲಿ ಚೌಕಾಸಿಗೂ ಅವಕಾಶವುಂಟು. ನಾವು ಹೇಳಿದ ಊರುಗಳೆಲ್ಲ ಇಲ್ಲಿಂದ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದಾದಷ್ಟು ದೂರದಲ್ಲಿವೆ. ನೆಂಟರ ಮನೆಯಿದ್ದರೆ ಇನ್ನೂ ಅಗ್ಗವಲ್ಲವೆ ಎಂದು ಕೆಲವರು ಕೇಳಬಹುದು. ಅಗ್ಗವೇ, ಆದರೆ ಯಾರಿಗೆ? ಉತ್ತರ ಕರ್ನಾಟಕದ ಮನೆಗೆ ನಾಲ್ಕು ಜನ ಅತಿಥಿಗಳು ಬಂದರೆ, ಆ ಮನೆಯ ಗೃಹಿಣಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದಕ್ಕೆ ಕೊನೆಯೇ ಇರುವುದಿಲ್ಲ. ಒಂದು ಹೊತ್ತಿನ ಊಟಕ್ಕೆ ಹೋಗಿ ಹಣ್ಣು ಕೊಟ್ಟು ಬರುವುದು ಸ್ನೇಹ. ಮೂರು ದಿನ ಮಲಗುವುದು, ವೆಚ್ಚವನ್ನು ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ದಾಟಿಸುವುದಷ್ಟೆ.

ಮೊದಲನೆಯ ದಿನ ಊರನ್ನು ಕಾಲಿನಿಂದಲೇ ನೋಡಬೇಕು. ತ್ರಿಕೂಟೇಶ್ವರನ ಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗಗಳಿವೆ. ಅದೇ ಆವರಣದಲ್ಲಿ ಸರಸ್ವತಿಯ ಗುಡಿ. ಮೂರ್ತಿ ಭಗ್ನವಾಗಿದೆ, ಆದರೆ ಕಂಬಗಳ ಕೆತ್ತನೆಯನ್ನು ನೋಡಿದವನು ಅಲ್ಲಿಂದ ಬೇಗ ಏಳಲಾರ. ವೀರನಾರಾಯಣನ ಗುಡಿಯಲ್ಲಿ ಒಂದು ಕಂಬವನ್ನು ತೋರಿಸಿ, ಕುಮಾರವ್ಯಾಸನು ಒದ್ದೆಬಟ್ಟೆಯುಟ್ಟು ಇದಕ್ಕೊರಗಿ ಕುಳಿತು ಭಾರತವನ್ನು ಬರೆದನೆಂದು ಹೇಳುತ್ತಾರೆ. ಐತಿಹ್ಯವನ್ನು ನಂಬುವುದೂ ಬಿಡುವುದೂ ಅವರವರ ಇಚ್ಛೆ. ಆ ಕಂಬದ ಬಳಿ ಕಾಲು ಗಂಟೆ ಕುಳಿತುಕೊಳ್ಳುವುದಕ್ಕೆ ಮಾತ್ರ ಯಾರೂ ಕಾಸು ಕೇಳುವುದಿಲ್ಲ. ಗಮಕಿಗಳ ಬಾಯಲ್ಲಿ ಆ ಷಟ್ಪದಿಯನ್ನು ಕೇಳಿ ಬೆಳೆದ ನಮ್ಮ ಮೈಸೂರಿನವರಿಗೆ ಆ ಕಾಲು ಗಂಟೆಯೇ ರೈಲಿನ ದರವನ್ನು ತೀರಿಸಿಬಿಡುತ್ತದೆ. ಅಲ್ಲಿಂದ ಬೆಟಗೇರಿಗೆ ನಡೆಯಬಹುದು. ಅದು ನೇಕಾರರ ಊರು, ಹಳೆಯ ವೀರಗಲ್ಲುಗಳ ಊರು. ಮಗ್ಗದ ಸದ್ದು ಕೇಳುವ ಓಣಿಯಲ್ಲಿ, ಸೀರೆ ನೇಯ್ದವರ ಕೈಯಿಂದಲೇ ಸೀರೆ ಕೊಂಡರೆ ಅದು ದುಂದಲ್ಲ. ಎಂದಿದ್ದರೂ ಕೊಳ್ಳುವ ಸೀರೆಯನ್ನು ಅಲ್ಲಿ ಕೊಂಡದ್ದಾಯಿತು.

ಹೊಟ್ಟೆಯ ವಿಷಯದಲ್ಲಿ ಗದಗು ಉದಾರವಾದ ಊರು. ಖಾನಾವಳಿಗಳಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಅನ್ನ ಕಡೆಯಲ್ಲಿ ಬರುತ್ತದೆ. ನಮ್ಮ ಕಡೆಯವರು ಅದಕ್ಕಾಗಿ ಜಾಗವನ್ನು ಉಳಿಸಿಕೊಳ್ಳಲು ಹೋಗಿ ರೊಟ್ಟಿಯನ್ನು ಕಡಿಮೆ ತಿನ್ನುತ್ತಾರೆ, ಅದು ತಪ್ಪು ಲೆಕ್ಕ. ಸಂಜೆಯ ಹೊತ್ತು ಬೀದಿಯಲ್ಲಿ ಗಿರಮಿಟ್ಟು ಮತ್ತು ಮಿರ್ಚಿ ಭಜಿ. ದಾರಿಯ ಬುತ್ತಿಗೆ ಖಡಕ್ ರೊಟ್ಟಿಗಿಂತ ಮೇಲಾದುದನ್ನು ನಾವು ಕಂಡಿಲ್ಲ. ತಿಂಗಳುಗಟ್ಟಲೆ ಕೆಡದು, ತೂಕವಿಲ್ಲ, ಶೇಂಗಾ ಹಿಂಡಿಯ ಒಂದು ಪೊಟ್ಟಣವಿದ್ದರೆ ಊಟವೇ ಆಯಿತು. ಗೆಣೆಯರೆಲ್ಲ ಕೂಡಿ ಹೊರಟಾಗ ಒಬ್ಬರು ರೊಟ್ಟಿ, ಒಬ್ಬರು ಹಿಂಡಿ, ಒಬ್ಬರು ಬೆಲ್ಲ ಎಂದು ಹಂಚಿಕೊಂಡು ತರುವ ಪದ್ಧತಿ ಆ ಸೀಮೆಯಲ್ಲಿ ಉಂಟು.

ಇಲ್ಲಿ ಒಂದು ಸೂಕ್ಷ್ಮದ ಮಾತು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಸಂಗೀತವನ್ನು ಬಲ್ಲವರೆಲ್ಲರೂ ಬಲ್ಲರು. ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಕಣ್ಣಿಲ್ಲದ ಹುಡುಗರಿಗೆ, ಬಡಹುಡುಗರಿಗೆ ಅನ್ನ ವಸತಿಗಳನ್ನು ಕೊಟ್ಟು ಸಂಗೀತ ಕಲಿಸಿದರು. ಅವರು ೧೯೪೪ ರಲ್ಲಿ ತೀರಿಕೊಂಡಮೇಲೆ ಪುಟ್ಟರಾಜ ಗವಾಯಿಗಳು ೨೦೧೦ ರವರೆಗೆ ಆ ಭಾರವನ್ನು ಹೊತ್ತರು. ಅಲ್ಲಿ ದಾಸೋಹವುಂಟು; ಆ ಸೀಮೆಯ ಅನೇಕ ಮಠಗಳಲ್ಲಿಯೂ ಉಂಟು. ಬಂದವರನ್ನು ಯಾರು ನೀನು, ಎಷ್ಟು ಸಂಬಳ ನಿನಗೆ ಎಂದು ಕೇಳುವುದಿಲ್ಲ. ಕೇಳುವುದಿಲ್ಲವೆಂಬುದೇ ನಮ್ಮನ್ನು ಎಚ್ಚರಿಸಬೇಕಾದ ಸಂಗತಿ. ಅಗ್ಗದ ಪ್ರವಾಸವನ್ನು ಕುರಿತು ಬರೆಯುವವರು ‘ಮಠಗಳಲ್ಲಿ ಊಟ ಬಿಟ್ಟಿ’ ಎಂದು ಬರೆದುಬಿಡುತ್ತಾರೆ. ಆ ಅನ್ನ ಬಿಟ್ಟಿಯಲ್ಲ. ಸುತ್ತಿನ ರೈತನು ತನ್ನ ಕಣದಿಂದ ಅಳೆದುಕೊಟ್ಟ ಜೋಳವದು. ಹಸಿದವನಿಗೆ, ಓದುವ ಹುಡುಗನಿಗೆ, ನಡೆದು ಬಂದ ಮುದುಕನಿಗೆ ಅದರ ಮೇಲೆ ಹಕ್ಕುಂಟು. ತಿಂಗಳ ಸಂಬಳ ಎಣಿಸುವ ನಾವು ಪಂಕ್ತಿಯಲ್ಲಿ ಕುಳಿತುಕೊಳ್ಳಬಾರದೆಂದಲ್ಲ. ಅವಶ್ಯವಾಗಿ ಕುಳಿತುಕೊಳ್ಳಬೇಕು, ಎಲ್ಲರೊಡನೆ ಕುಳಿತು ಉಣ್ಣುವುದರಲ್ಲಿ ಸುಖವಿದೆ. ಏಳುವಾಗ, ಖಾನಾವಳಿಯಲ್ಲಿ ಉಂಡಿದ್ದರೆ ಕೊಡುತ್ತಿದ್ದ ಹಣವನ್ನು ಅಲ್ಲಿಯ ಹುಂಡಿಗೆ ಹಾಕಬೇಕು. ಹಾಗೆಯೇ ಆಟೋದವನೊಡನೆ ಹತ್ತು ರೂಪಾಯಿಗಾಗಿ ಕಾದಾಡಿ, ಆಮೇಲೆ ಮನೆಗೆ ಬಂದು ಆ ಗೆಲುವನ್ನು ವರ್ಣಿಸುವವರನ್ನು ನಾವು ಬಲ್ಲೆವು. ಅವನಿಗೆ ಕೊಡುವ ಹತ್ತು ರೂಪಾಯಿಯನ್ನು ಉಳಿಸಿ ನಿಲ್ದಾಣದಲ್ಲಿ ನೀರಿನ ಸೀಸೆಗೆ ಇಪ್ಪತ್ತು ಸುರಿಯುವುದು ಯಾವ ಗಣಿತ?

ಗದಗಿನ ಹತ್ತಿರದ ಕಣಗಿನಹಾಳ ಎಂಬ ಹಳ್ಳಿಗೆ ಸಾಮಾನ್ಯವಾಗಿ ಪ್ರವಾಸಿಗಳು ಹೋಗುವುದಿಲ್ಲ. ಗುಡಿಗಾಗಿ ನಾವು ಅದನ್ನು ಹೇಳುತ್ತಿಲ್ಲ. ೧೯೦೫ ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಸಹಕಾರಿ ಸಂಘವನ್ನು ಕಟ್ಟಿದರು. ನಮ್ಮ ದೇಶದಲ್ಲಿ ಅಂಥ ಸಂಘಗಳಲ್ಲಿ ಅದೇ ಮೊದಲನೆಯದೆಂದು ಪ್ರಸಿದ್ಧಿ. ಸಾಲಕ್ಕಾಗಿ ಸಾಹುಕಾರನ ಕಟ್ಟೆಯ ಮುಂದೆ ನಿಲ್ಲುತ್ತಿದ್ದ ರೈತರು ತಮ್ಮ ಸಣ್ಣ ಸಣ್ಣ ಹಣವನ್ನು ಕೂಡಿಸಿ ತಮಗೆ ತಾವೇ ಸಾಲ ಕೊಟ್ಟುಕೊಂಡ ಸ್ಥಳವದು. ಸಾಲ ಮಾಡಿ ರಜೆ ಕಳೆಯುವ ಜನಕ್ಕೆ ಅದೊಂದು ಕ್ಷೇತ್ರವೆಂದರೂ ಆದೀತು.

ಎರಡನೆಯ ದಿನ ಪೂರ್ವಕ್ಕೆ ತಿರುಗೋಣ. ಗದಗಿನಿಂದ ಸುಮಾರು ಹನ್ನೆರಡು ಕಿಲೋಮೀಟರಿನಲ್ಲಿ ಲಕ್ಕುಂಡಿ. ಗುಡಿಗಳ ವರ್ಣನೆಗೆ ನಮಗೆ ವೇಳೆಯಿಲ್ಲ. ಅತ್ತಿಮಬ್ಬೆ ೧೦೦೭ ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನೂ, ಕಾಶೀವಿಶ್ವೇಶ್ವರನ ಬಾಗಿಲುವಾಡವನ್ನೂ, ಮಾಣಿಕೇಶ್ವರನ ಮುಂದಿನ ಮುಸುಕಿನ ಬಾವಿಯನ್ನೂ ನೋಡದೆ ಬರಬಾರದು ಎಂದಿಷ್ಟೇ ಹೇಳುತ್ತೇವೆ. ರನ್ನನಿಂದ ಅಜಿತಪುರಾಣವನ್ನು ಬರೆಸಿದ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿದಳೆಂದು ಕೀರ್ತಿ ಪಡೆದ ಆ ತಾಯಿಯ ಊರಿಗೆ ಹೋಗಲು ಬಸ್ಸಿಗೆ ಬೇಕಾದ ಹಣ, ನಗರದಲ್ಲಿ ಒಂದು ಲೋಟ ಕಾಫಿಗೆ ನಾವು ಕೊಡುವುದಕ್ಕಿಂತ ಬಹಳ ಹೆಚ್ಚೇನಲ್ಲ. ಗದಗಕ್ಕೂ ಮುಂಡರಗಿಗೂ ನಡುವೆ ಡಂಬಳ ಸಿಗುತ್ತದೆ. ಅಲ್ಲಿಯ ದೊಡ್ಡಬಸಪ್ಪನ ಗುಡಿ ಇಪ್ಪತ್ತನಾಲ್ಕು ಮೂಲೆಗಳ ನಕ್ಷತ್ರದಂತೆ ತಿರುಗಿಕೊಂಡಿದೆ. ಅದೇ ಊರಿನಲ್ಲಿ, ಆಗ ಅದಕ್ಕೆ ಧರ್ಮವೊಳಲು ಎಂದು ಹೆಸರು, ಹದಿನಾರು ಮಂದಿ ಸೆಟ್ಟಿಗಳು ಬೌದ್ಧ ವಿಹಾರವನ್ನು ಕಟ್ಟಿಸಿದ್ದರೆಂದು ೧೦೯೫ ರ ಶಾಸನ ಹೇಳುತ್ತದೆ. ಕನ್ನಡ ನಾಡಿನಲ್ಲಿ ಬೌದ್ಧಮತ ಅಷ್ಟು ತಡವಾಗಿಯೂ ಉಸಿರಾಡುತ್ತಿತ್ತೆಂಬುದನ್ನು ತರಗತಿಯಲ್ಲಿ ಹೇಳುವುದು ಬೇರೆ, ಆ ಬಯಲಿನಲ್ಲಿ ನಿಂತು ನೆನೆಯುವುದು ಬೇರೆ.

ಮುಂಡರಗಿಯ ಕಡೆಗೆ ಹೋಗುವಾಗ ಕಪ್ಪತಗುಡ್ಡದ ಸಾಲು ಜೊತೆಗೇ ಬರುತ್ತದೆ. ಔಷಧದ ಗಿಡಮೂಲಿಕೆಗಳಿಗೆ ಹೆಸರಾದ ಈ ಗುಡ್ಡಕ್ಕೆ ೨೦೧೯ ರಲ್ಲಿ ವನ್ಯಜೀವಿಧಾಮವೆಂಬ ರಕ್ಷಣೆ ದೊರೆಯಿತು. ಹತ್ತಬೇಕೆನ್ನುವವರು ಅರಣ್ಯದ ಕಚೇರಿಯಲ್ಲಿ ವಿಚಾರಿಸಿ ಹೋಗಬೇಕು; ಒಣಹುಲ್ಲಿನ ಕಾಲದಲ್ಲಿ ಒಂದು ಬೀಡಿಯ ತುಂಡು ಏನು ಮಾಡಬಲ್ಲದೆಂಬುದನ್ನು ಅಲ್ಲಿಯವರು ಹೇಳುತ್ತಾರೆ. ಮುಂಡರಗಿಯೆಂದೊಡನೆ ೧೮೫೮ ರಲ್ಲಿ ಹಮ್ಮಿಗೆಯ ಕೆಂಚನಗೌಡನೊಡನೆ ಬ್ರಿಟಿಷರ ಮೇಲೆ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯನ ನೆನಪಾಗುತ್ತದೆ. ತಾಲ್ಲೂಕಿನ ಅಂಚಿನಲ್ಲಿ ಸಿಂಗಟಾಲೂರಿನ ವೀರಭದ್ರನ ಗುಡಿ; ಕೆಳಗೆ ತುಂಗಭದ್ರೆ.

ಈ ನದಿಯ ದಂಡೆಯ ಮೇಲೆ ನಿಂತಾಗ ‘ಸ್ವದೇಶ’ವೆಂಬ ಮಾತನ್ನು ಸ್ವಲ್ಪ ವಿಚಾರ ಮಾಡಬೇಕಾಗುತ್ತದೆ. ೧೯೪೮ ಕ್ಕೆ ಮೊದಲು ಒಬ್ಬ ಕನ್ನಡಿಗ ಈ ಸಣ್ಣ ಸೀಮೆಯನ್ನು ಸುತ್ತಬೇಕಾದರೆ ಎಷ್ಟು ಸರಕಾರಗಳನ್ನು ದಾಟುತ್ತಿದ್ದನೆಂದು ಬಲ್ಲಿರಾ? ಗದಗು ಮುಂಡರಗಿಗಳು ಮುಂಬಯಿ ಪ್ರಾಂತದವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು. ಪೂರ್ವಕ್ಕೆ ಕೊಪ್ಪಳ ನಿಜಾಮನದು. ನದಿಯಾಚೆಯ ಹೂವಿನಹಡಗಲಿ ಮದರಾಸು ಪ್ರಾಂತದ್ದು. ಒಂದು ದಿನದ ಎತ್ತಿನ ಗಾಡಿಯ ದಾರಿಯಲ್ಲಿ ಮೂರು ಆಡಳಿತ, ಮೂರು ಕಚೇರಿ. ಮಾತು ಮಾತ್ರ ಒಂದೇ. ಇದನ್ನೆಲ್ಲ ಒಂದುಗೂಡಿಸಬೇಕೆಂದು ಹಾಡು ಬರೆದ ಹುಯಿಲಗೋಳ ನಾರಾಯಣರಾಯರು ಗದಗಿನಲ್ಲಿದ್ದವರೇ. ಅವರ ಹಾಡನ್ನು ೧೯೨೪ ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಹಾಡಿದರು. ‘ಕರ್ನಾಟಕ ಗತವೈಭವ’ವನ್ನು ೧೯೧೭ ರಲ್ಲಿ ಪ್ರಕಟಿಸಿದ ಆಲೂರು ವೆಂಕಟರಾಯರಿಗೆ ನಾಡಿನ ಹುಚ್ಚು ಹಿಡಿದದ್ದು ವಿಜಯನಗರದ ಹಾಳುಗಳನ್ನು ಕಣ್ಣಾರೆ ಕಂಡಮೇಲೆ. ದಕ್ಷಿಣದ ಸಂಸ್ಥಾನಗಳು ೧೯೪೮ ರಲ್ಲಿ ಮುಂಬಯಿಯಲ್ಲಿ ವಿಲೀನವಾದವು; ೧೯೫೬ ರಲ್ಲಿ ಎಲ್ಲವೂ ಒಂದು ರಾಜ್ಯವಾಯಿತು; ಗದಗು ಜಿಲ್ಲೆಯಾದದ್ದು ೧೯೯೭ ರಲ್ಲಿ. ಆ ಗಡಿಗಳನ್ನು ಅಳಿಸುವುದಕ್ಕೆ ಜನ ಅಷ್ಟು ಪಟ್ಟರು; ಅಳಿಸಿದಮೇಲೆ ನಾವು ಅತ್ತ ಹೋಗಿ ನೋಡುವುದಿಲ್ಲ.

ಮೂರನೆಯ ದಿನ ಶಿರಹಟ್ಟಿ ಮತ್ತು ಲಕ್ಷ್ಮೇಶ್ವರ. ಈ ಊರುಗಳಿಗೆ ರೈಲಿಲ್ಲ. ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸೇ ಗತಿ, ಮತ್ತು ಅದೇ ಒಳ್ಳೆಯ ಗತಿ. ೨೦೨೩ ರ ಜೂನ್ ೧೧ ರಿಂದ ‘ಶಕ್ತಿ’ ಎಂಬ ಯೋಜನೆಯಂತೆ ನಮ್ಮ ರಾಜ್ಯದ ಹೆಂಗಸರಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ನಗರದ ವಿದ್ಯಾವಂತರು ಇದನ್ನು ಕುರಿತು ಮಾಡಿದ ಹಾಸ್ಯಗಳನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಶಿರಹಟ್ಟಿಯ ಬಸ್ಸಿನಲ್ಲಿ ನಮ್ಮ ಪಕ್ಕದ ಆಸನದಲ್ಲಿ ಮುದುಕಿಯೊಬ್ಬಳು ಕುಳಿತಿದ್ದಳು. ಮುಂಡರಗಿಯ ಕಡೆಯ ಹಳ್ಳಿಯವಳು. ಕಂಡಕ್ಟರು ಹರಿದುಕೊಟ್ಟ ಸೊನ್ನೆಯ ಟಿಕೆಟ್ಟನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ನಮ್ಮನ್ನು ಕೇಳಿದಳು:

“ಯಾವೂರು ಯಪ್ಪಾ ನಿಮ್ಮದು?”

ಮೈಸೂರೆಂದೆವು.

“ಅಯ್ಯ, ಅಷ್ಟು ದೂರದಿಂದ ಬಂದೀರಿ! ನಾ ಇಲ್ಲೇ ಇದ್ದಾಕಿ, ಲಕ್ಷ್ಮೇಶ್ವರ ನೋಡಿಲ್ಲ ನೋಡ್ರಿ. ಹೊಲ, ಮನಿ, ತವರಮನಿ, ಇಷ್ಟ ಆತು. ಈಗ ಎಲ್ಲಾ ನೋಡಾಕತ್ತೀನಿ.”

“ಯಾರ ಜೊತೆಗೆ ಬಂದಿದ್ದೀರಿ ಅವ್ವಾ?”

“ಯಾರ ಜೋಡಿ ಬರ್ಲಿ? ಒಬ್ಬಾಕಿನ ಬಂದೀನಿ,” ಎಂದು ಹೇಳಿ, ಗಂಟು ಬಿಚ್ಚಿ ನಮಗೆ ಒಂದು ರೊಟ್ಟಿ ಕೊಟ್ಟಳು.

ಮಿತವ್ಯಯದ ಪ್ರವಾಸವೆಂಬ ವಿಷಯದ ಮೇಲೆ ನಾವು ಓದಿದ ಪುಸ್ತಕಗಳೆಲ್ಲ ಖರ್ಚು ಮಾಡಬಲ್ಲವರು ಖರ್ಚನ್ನು ಇಳಿಸುವುದನ್ನು ಕುರಿತು ಬರೆದವು. ಬಸ್ಸಿನ ದರವೆಂಬ ಸಣ್ಣ ಬೇಲಿಯಿಂದಾಗಿ ನಲವತ್ತು ಕಿಲೋಮೀಟರಿನಾಚೆಯ ಊರನ್ನು ಎಪ್ಪತ್ತು ವರ್ಷ ನೋಡದೆ ಇದ್ದವರನ್ನು ಕುರಿತು ಅವು ಏನನ್ನೂ ಹೇಳುವುದಿಲ್ಲ. ನಮ್ಮ ಮನೆಗಳ ಹೆಂಗಸರು ಕೂಡ ಒಬ್ಬರೇ ಎಷ್ಟು ಊರುಗಳನ್ನು ನೋಡಿದ್ದಾರೆಂದು ಶ್ರೋತೃಗಳು ತಮ್ಮ ತಮ್ಮಲ್ಲಿಯೇ ಎಣಿಸಿಕೊಳ್ಳಲಿ.

ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂಗಳಿಗೂ ಮುಸಲ್ಮಾನರಿಗೂ ಒಂದೇ ಆಗಿ ನಡೆದುಬಂದಿರುವ ಪೀಠ. ಹೆಸರಿನಲ್ಲಿಯೇ ಫಕೀರನೂ ಈಶ್ವರನೂ ಕೂಡಿಕೊಂಡಿದ್ದಾರೆ. ಅಲ್ಲಿಂದ ಎಂಟು ಕಿಲೋಮೀಟರಿನಲ್ಲಿ ಮಾಗಡಿಯ ಕೆರೆ. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯ ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಇಲ್ಲಿಗೆ ಬರುತ್ತವೆ. ಹಗಲು ನೀರಿನಲ್ಲಿ ತೇಲುತ್ತಾ ವಿಶ್ರಮಿಸಿ, ಹೊತ್ತಿಳಿದಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಹೊಲದ ರೈತನು ಕೊಡುವ ದಾಸೋಹವೆಂದರೆ ಇದೂ ಒಂದು. ೨೦೨೪ ರಲ್ಲಿ ಈ ಕೆರೆಗೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ಬಂದಿತು. ಪೆಟ್ಟಿಗೆಯಿಲ್ಲದೆ, ಹೋಟೆಲಿಲ್ಲದೆ ಇಷ್ಟು ದೂರ ಬರುವ ಪ್ರಯಾಣಿಕರನ್ನು ನೋಡಬೇಕಾದರೆ ಬೆಳಗಿನ ಜಾವದಲ್ಲಿಯೋ ಸಂಜೆಯಲ್ಲಿಯೋ ಹೋಗಬೇಕು. ದಂಡೆಯ ಮೇಲೆ ಸದ್ದಿಲ್ಲದೆ ಕುಳಿತುಕೊಳ್ಳಬೇಕು. ಚಿತ್ರಕ್ಕಾಗಿ ಕಲ್ಲೆಸೆದು ಹಾರಿಸುವ ವಿದ್ಯಾವಂತರೂ ಇದ್ದಾರೆಂಬುದನ್ನು ಹೇಳಲು ನಾಚಿಕೆಯಾಗುತ್ತದೆ.

ಮಾಗಡಿಯಿಂದ ಲಕ್ಷ್ಮೇಶ್ವರಕ್ಕೆ ಹನ್ನೊಂದು ಕಿಲೋಮೀಟರು. ಈ ಊರಿನಲ್ಲಿ ಆತುರಪಡಬಾರದು. ಇದು ಪುಲಿಗೆರೆ. ಕವಿರಾಜಮಾರ್ಗವು ಕನ್ನಡದ ತಿರುಳೆಂದು ಗುರುತಿಸಿದ ನಾಲ್ಕು ಸ್ಥಳಗಳಲ್ಲಿ 'ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ' ಎಂಬವುಗಳ ನಡುವೆ ಇದೂ ಒಂದು. ಪಂಪನು ತನ್ನ ಭಾರತವನ್ನು ೯೪೧ ರಲ್ಲಿ ಮುಗಿಸಿದಾಗ ಅದರ ಭಾಷೆ ಈ ಊರಿನ ಕನ್ನಡವೆಂದು ಹೆಮ್ಮೆಯಿಂದ ಹೇಳಿಕೊಂಡನು. ನಮ್ಮ ಮೈಸೂರಿನ ಸೀಮೆಯವರು ಹುಬ್ಬಳ್ಳಿ ಗದಗುಗಳ ಕನ್ನಡವನ್ನು ಕೇಳಿ ಮುಗುಳ್ನಗುವುದುಂಟು. ಪಂಪನ ಎದುರಿಗೆ ಯಾರು ಯಾರನ್ನು ನೋಡಿ ನಗಬೇಕೆಂಬುದು ಅಷ್ಟು ಸುಲಭವಾದ ಪ್ರಶ್ನೆಯಲ್ಲ. ಬಸ್ಸಿನಲ್ಲಿ, ಚಹದ ಅಂಗಡಿಯಲ್ಲಿ ಕಿವಿ ತೆರೆದುಕೊಂಡು ಕುಳಿತರೆ, ನಾವು ಹಳಗನ್ನಡದ ನಿಘಂಟಿನಲ್ಲಿ ಹುಡುಕುವ ಮಾತುಗಳು ಬಾಯಿಂದ ಬಾಯಿಗೆ ಓಡಾಡುವುದು ಕೇಳಿಸುತ್ತದೆ.

ಸೋಮೇಶ್ವರನ ಗುಡಿ ಕೋಟೆಯಂಥ ಗೋಡೆಯೊಳಗಿದೆ. ಸೌರಾಷ್ಟ್ರದ ಆದಯ್ಯನೆಂಬ ಭಕ್ತನು ಅಲ್ಲಿಯ ಸೋಮನಾಥನನ್ನೇ ಪುಲಿಗೆರೆಗೆ ಕರೆತಂದನೆಂಬ ಕಥೆಯನ್ನು ಹರಿಹರನ ರಗಳೆಯಲ್ಲಿ ಓದುತ್ತೇವೆ. ಒಳಗೆ ಶಿವಪಾರ್ವತಿಯರು ನಂದಿಯ ಮೇಲೆ ಕುಳಿತಿದ್ದಾರೆ. ದೇವರೂ ಪ್ರಯಾಣದ ಭಂಗಿಯಲ್ಲಿಯೇ ಇದ್ದಾನೆ. ಸ್ವಲ್ಪ ನಡೆದರೆ ಶಂಖಬಸದಿ, ಅದರೊಳಗೆ ಸಹಸ್ರಕೂಟ ಜಿನಬಿಂಬ. ಮತ್ತೆ ಸ್ವಲ್ಪ ನಡೆದರೆ ಆದಿಲಶಾಹಿಯ ಕಾಲದಲ್ಲಿ, ೧೬೧೭ ರಲ್ಲಿ, ಕಟ್ಟಿದ ಜಾಮಿಯಾ ಮಸೀದಿ. ಒಂದು ಮಧ್ಯಾಹ್ನದ ನಡಿಗೆಯೊಳಗೆ ಜೈನರ, ಶೈವರ, ಮುಸಲ್ಮಾನರ ಪ್ರಾರ್ಥನೆಯ ಸ್ಥಳಗಳು. ಇವುಗಳ ನಡುವಣ ಹಳೆಯ ಜಗಳಗಳೂ ಚರಿತ್ರೆಯಲ್ಲಿವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಶಾಸನಗಳನ್ನು ಓದಬಲ್ಲ ಒಬ್ಬ ಉಪಾಧ್ಯಾಯರೋ ಪೂಜಾರಿಯೋ ಸಿಕ್ಕಿದರೆ ಅವರನ್ನು ಜೊತೆಗೆ ಕರೆದುಕೊಳ್ಳಬೇಕು. ಅವರಿಗೆ ಯೋಗ್ಯವಾದುದನ್ನು ಕೊಡುವಲ್ಲಿ ಕೈ ಬಿಗಿ ಹಿಡಿಯಬಾರದು. ಊಟವನ್ನು ಇಳಿಸಿ, ವಸತಿಯನ್ನು ಇಳಿಸಿ ಉಳಿಸಿದ ಹಣ ಇರುವುದು ಇದಕ್ಕಾಗಿ.

ಬಸ್ಸುಗಳ ಹೊತ್ತನ್ನು ನಿಲ್ದಾಣದ ವಿಚಾರಣೆಯ ಕಿಟಕಿಯಲ್ಲಿ ಕೇಳಿಕೊಳ್ಳುವುದು ಉತ್ತಮ. ಕೈಯಲ್ಲಿರುವ ಮೊಬೈಲು ದಾರಿಯನ್ನು ತೋರಿಸುತ್ತದೆ, ಆದರೆ ಆ ದಾರಿಯಲ್ಲಿ ಈ ಸಂಜೆ ಬಸ್ಸು ಬರುತ್ತದೆಯೋ ಇಲ್ಲವೋ ಎಂಬುದನ್ನು ಹೇಳುವುದು ಅಲ್ಲಿಯ ಕಂಟ್ರೋಲರೇ. ಹಳ್ಳಿಗಳ ಕಡೆಗೆ ಕೊನೆಯ ಬಸ್ಸು ಬೇಗ ಹೊರಟುಹೋಗುತ್ತದೆ. ಚೀಲವನ್ನು ಅಂದು ಬೆಳಿಗ್ಗೆ ಗದಗಿನಲ್ಲಿಯೇ ಬಿಡಿಸಿಕೊಂಡು ಬಂದಿದ್ದರೆ, ಲಕ್ಷ್ಮೇಶ್ವರದಿಂದ ನೇರವಾಗಿ ಹುಬ್ಬಳ್ಳಿಯ ಬಸ್ಸು ಹಿಡಿಯಬಹುದು. ಮತ್ತೆ ಗದಗಿಗೆ ಮರಳುವ ದರ ಉಳಿಯುತ್ತದೆ. ಹುಬ್ಬಳ್ಳಿಯಿಂದ ರಾತ್ರಿ ಬೆಂಗಳೂರಿನ ಕಡೆಗೆ ರೈಲುಗಳಿವೆ. ಅರ್ಧ ದಿನ ಕೈಯಲ್ಲಿದ್ದವರು ನಡುವೆ ಕುಂದಗೋಳದಲ್ಲಿ ಇಳಿದು, ಜಲಂಧರದಿಂದ ಮರಳಿಬಂದ ಆ ಹುಡುಗನು ಪಾಠ ಕಲಿತ ಊರನ್ನೂ ನೋಡಿಕೊಂಡು ಮುಂದಿನ ಬಸ್ಸಿಗೆ ಹತ್ತಬಹುದು.